ಚಿಂಚೋಳಿ ದಾರಿಯಲ್ಲಿ ನಿಂತ ಫಿಯೆಟ್

ಆ ಹಳೆಯ ಫಿಯೆಟ್ ಕಾರಿನ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಎಲ್ಲಿ ನಿಂತರೂ ಪ್ರಬುದ್ಧ ಮೊದಲು ತಾನು ಇಳಿದು, ಮುಂದಿನಿಂದ ಸುತ್ತಿ ಬಂದು, ಲುಂಬಿನಿಗೆ ಬಾಗಿಲು ತೆಗೆದುಕೊಡಬೇಕಿತ್ತು. ಬೆಳಿಗ್ಗೆ ಶಹಾಬಾದಿನಿಂದ ಹೊರಟು ವಾಡಿಯಲ್ಲಿ ಚಹಕ್ಕೆ ನಿಂತಾಗ ಹೀಗೇ ಆಯಿತು. ಚಿತ್ತಾಪುರದ ಪೆಟ್ರೋಲ್ ಬಂಕಿನಲ್ಲಿ ಮತ್ತೆ ಆಯಿತು. ಅಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

“ಇದು ರಿಪೇರಿ ಆಗಿಲ್ಲೇನ್ರಿ, ಇಲ್ಲಾ ಬೇಕಂತನೇ ಬಿಟ್ಟೀರಿ?” ಲುಂಬಿನಿ ಕೇಳಿದಳು.

“ಬೇಕಂತನೇ.”

“ಸುಳ್ಳು.”

“ಖರೇ ಹೇಳಬೇಕಂದ್ರ ಅದರ ಹಿಡಿಕಿ ಎಲ್ಲೂ ಸಿಗಲಿಲ್ಲ,” ಎಂದ ಪ್ರಬುದ್ಧ. ಅವನ ಕಿವಿಗಳ ತುದಿ ಕೆಂಪಾದವು. ನಲವತ್ತರ ಹತ್ತಿರದ ಗಂಡಸಿಗೆ ಹೀಗೆ ಕಿವಿ ಕೆಂಪಾಗುವುದನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ನಗು ಬಂತು. ಮರುಗಳಿಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ತಾನು ಅವನಿಗೆ ಇವತ್ತು ಹೇಳಬೇಕಾದ ಮಾತು ನೆನಪಾಗಿ ನಗು ಅಲ್ಲೇ ಆರಿತು.

ಆ ಮಾತು ಇಷ್ಟೇ. ಬರುವ ತಿಂಗಳು ಅವಳ ಮದುವೆ. ಕಾಳಗಿಯ ರಮೇಶಕುಮಾರ ಎಂಬ ಹೈಸ್ಕೂಲ್ ಮಾಸ್ತರನ ಜೊತೆ.

ಪ್ರಬುದ್ಧನಿಗೂ ಇವತ್ತು ಒಂದು ಮಾತು ಹೇಳುವುದಿತ್ತು. ಅದು ಏನೆಂದು ಅವಳಿಗೆ ಗೊತ್ತಿತ್ತು. ವರ್ಷಗಳಿಂದ ಗೊತ್ತಿತ್ತು.

ಈ ಕಾರು ಪ್ರಬುದ್ಧನ ತಂದೆ ದಶರಥನದು. ಜೀವಮಾನವೆಲ್ಲ ಒಬ್ಬ ಕಲ್ಲುಗಣಿ ಮಾಲೀಕರ ಡ್ರೈವರ್ ಆಗಿದ್ದವನು ಆತ. ಮಾಲೀಕರು ಹೊಸ ಗಾಡಿ ಕೊಂಡಾಗ ಈ ತಿಳಿ ನೀಲಿ ಫಿಯೆಟ್ಟನ್ನು ಆತನಿಗೇ ಬಿಟ್ಟುಕೊಟ್ಟರು. ಒಂದಿಷ್ಟು ವರ್ಷ ಓಡಿಸಿದ. ಆಮೇಲೆ ಗಾಡಿ ಕೆಟ್ಟು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿತು. ಅದರ ಹಿಂದೆಯೇ ದಶರಥನೂ ಹಾಸಿಗೆ ಹಿಡಿದ. ಲುಂಬಿನಿ ಶಹಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅವಳ ಮನೆ ಹಿಂದಿನ ಓಣಿಯಲ್ಲೇ. ಡ್ಯೂಟಿ ಮುಗಿಸಿ ಹೋಗುವಾಗ ಮುದುಕನಿಗೆ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದಳು. ದಶರಥ ತೀರಿಕೊಂಡ ಮೇಲೆ ಇಂಜೆಕ್ಷನ್ ನಿಂತಿತು, ಅವಳು ಬರುವುದು ನಿಲ್ಲಲಿಲ್ಲ. ಅಪ್ಪನ ಗಾಡಿಯನ್ನು ಮತ್ತೆ ಓಡಿಸುತ್ತೇನೆಂದು ಮಗ ಹಟ ಹಿಡಿದಿದ್ದ. ಗಾಡಿ ಎಲ್ಲಿಯವರೆಗೆ ಬಂತೆಂದು ನೋಡುವ ನೆಪ ಅವಳಿಗೆ ಸಾಕಾಗಿತ್ತು.

ಪ್ರಬುದ್ಧ ವಾಡಿಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ರವಿವಾರ ಬಂತೆಂದರೆ ಗಾಡಿಯ ಕೆಳಗೆ ಸೇರಿಕೊಳ್ಳುತ್ತಿದ್ದ. ಎರಡು ಕಾಲು ಮಾತ್ರ ಹೊರಗೆ. ಲುಂಬಿನಿ ಫರ್ಶಿಕಲ್ಲಿನ ಕಟ್ಟೆಯ ಮೇಲೆ ಕೂತು ಆ ಕಾಲುಗಳ ಜೊತೆ ಮಾತಾಡುತ್ತಿದ್ದಳು, ಬೋಲ್ಟು ಬಿಚ್ಚಲು ಕೇಳಿದ ಪಾನಾ ಕೊಡುತ್ತಿದ್ದಳು. ಕ್ರಮೇಣ ಕೇಳದೆಯೂ ಕೊಡುವುದು ಬಂತು. ಅವನ ತಾಯಿ ಅನಸುಬಾಯಿ ಚಹ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಏನೋ ಹೇಳಲು ಹೋಗಿ, ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಒಂದು ದಿನ ಕಾರಿನ ಕೆಳಗಿನಿಂದಲೇ ಪ್ರಬುದ್ಧ ಅಂದಿದ್ದ: “ಗಾಡಿ ಚಾಲೂ ಆಗಲಿ, ಲುಂಬಿನಿ. ನಿನ್ನ ಚಿಂಚೋಳಿಗಿ ಕರ್ಕೊಂಡು ಹೋಗ್ತೀನಿ. ಚಂದ್ರಂಪಳ್ಳಿ ಡ್ಯಾಮಿನ ದಂಡಿಮ್ಯಾಲ ಕುಂತು ನಿನಗೊಂದು ಮಾತು ಹೇಳೋದದ.”

ಆಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ಆ ರಾತ್ರಿ ಅವಳು ಊಟ ಮಾಡಿದ್ದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಅಡ್ಡ ಬರುವವರು ಯಾರೂ ಇರಲಿಲ್ಲ. ಒಂದೇ ಸಮಾಜ, ಒಂದೇ ಬುದ್ಧವಿಹಾರಕ್ಕೆ ಹೋಗುವ ಎರಡು ಮನೆ. ಅವನು ಬಾಯಿ ಬಿಟ್ಟಿದ್ದರೆ ಮರುದಿನವೇ ಹಿರಿಯರು ಸಕ್ಕರೆ ಹಂಚುತ್ತಿದ್ದರು. ಆದರೆ ಗಾಡಿ ಮುಗಿಯಲಿಲ್ಲ. ಒಮ್ಮೆ ರೇಡಿಯೇಟರ್ ಸೋರಿತು. ಒಮ್ಮೆ ಗೇರು ಕೂರಲಿಲ್ಲ. ಕಾರ್ಬುರೇಟರ್ ಹೈದರಾಬಾದಿನಿಂದ ಬರಬೇಕೆಂದ, ಬಂದದ್ದು ಬೇರೆ ಗಾಡಿಯದೆಂದ. ಲುಂಬಿನಿ ಮೂವತ್ತೈದಕ್ಕೆ ಬಂದಳು. ನೋಡಲು ಬಂದ ಗಂಡುಗಳನ್ನೆಲ್ಲ ಏನೋ ಒಂದು ಹೇಳಿ ಹಿಂದೆ ಕಳಿಸಿದಳು. ತಾಯಿ ಅತ್ತಳು, ಬೈದಳು, ಕಡೆಗೆ ಕೇಳುವುದನ್ನೇ ಬಿಟ್ಟಳು.

ಕಳೆದ ಮಳೆಗಾಲದಲ್ಲಿ ರಮೇಶಕುಮಾರ ಶಹಾಬಾದಿನ ಅಕ್ಕನ ಮನೆಗೆ ಬಂದಿದ್ದ. ಅಲ್ಲಿ ಅವನ ಮಗಳು ಮೈತ್ರಿ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು. ತಾಯಿಯಿಲ್ಲದ ಮಗು. ಪ್ಲಾಸ್ಟರ್ ಹಾಕುವಾಗ ಲುಂಬಿನಿಯ ಕಿರುಬೆರಳು ಹಿಡಿದದ್ದು ಬಿಡಲೇ ಇಲ್ಲ. ಆಮೇಲೆ ತೋರಿಸಲು ಬಂದಾಗಲೆಲ್ಲ ಅದೇ ಬೆರಳು ಹುಡುಕುತ್ತಿತ್ತು. ಪ್ಲಾಸ್ಟರ್ ತೆಗೆದ ದಿನ ರಮೇಶಕುಮಾರ ಆಸ್ಪತ್ರೆಯ ವರಾಂಡದಲ್ಲಿ ನಿಂತು, ನೇರವಾಗಿ, ಮದುವೆಯ ಮಾತು ಕೇಳಿದ. “ಇಲ್ಲ ಅಂದ್ರ ಬ್ಯಾಸರ ಇಲ್ಲರಿ. ಕೇಳದೇ ಹೋಗಬಾರದಂತ ಕೇಳೀನಿ,” ಎಂದ.

ಅವಳು ಟೈಮ್ ಕೇಳಿದಳು. ಆ ಟೈಮಿನ ಒಂದೊಂದು ರವಿವಾರವೂ ಬೇವಿನ ಮರದ ಕೆಳಗೆ ಹೋಗಿ ಕೂತಳು. ಕಾರಿನ ಕೆಳಗಿನ ಕಾಲುಗಳು ಬ್ರೇಕಿನ ಮಾತಾಡಿದವು, ಬ್ಯಾಟರಿಯ ಮಾತಾಡಿದವು. ಒಂದು ಸಂಜೆ ಮನೆಗೆ ಬಂದು ತಾಯಿಗೆ ಹೂಂ ಎಂದಳು. ಎರಡೂ ಮನೆಯ ಹಿರಿಯರು ಕೂತು ಮಾತು ಮುಗಿಸಿದರು, ಓಣಿಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಫೋನಿಗೆ ಮೆಸೇಜ್ ಬಂತು. “ಗಾಡಿ ರೆಡಿ ಆಗ್ಯಾದ. ರವಿವಾರ ಡ್ಯಾಮಿಗಿ ಹೋಗಮಾ?”

ಹೋಗಬಾರದಿತ್ತು. ಎದುರಿಗೇ ಹೇಳಿಬಿಡೋಣ, ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡಳು. ನಿಜವಾಗಿ, ಆ ಕಾರಿನಲ್ಲಿ ಒಮ್ಮೆಯಾದರೂ ಅವನ ಪಕ್ಕದಲ್ಲಿ ಕೂರುವ ಆಸೆ ಇನ್ನೂ ಸತ್ತಿರಲಿಲ್ಲ.

ಮಳಖೇಡದ ಸೇತುವೆ ದಾಟಿದರು. ಸೇಡಂ ಹಿಂದಾಯಿತು. ಜನವರಿಯ ಬಿಸಿಲು ಹದವಾಗಿತ್ತು. ರಸ್ತೆಯ ಎರಡೂ ಕಡೆ ಕೊಯ್ದ ತೊಗರಿಯ ಕಟ್ಟುಗಳು, ನಡುನಡುವೆ ಹಸಿರು ಕಡಲೆ ಹೊಲ. ಮುಂದಿನ ಸೀಟು ಒಂದೇ ಉದ್ದನೆಯದು, ನಡುವೆ ಗೇರಿನ ಅಡ್ಡಿಯಿಲ್ಲ. ಗೇರು ಸ್ಟೀರಿಂಗಿಗೇ ಇತ್ತು. ತಿರುವು ಬಂದಾಗಲೆಲ್ಲ ಲುಂಬಿನಿ ಸೀಟಿನ ಅಂಚು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

“ಹಂಗ್ಯಾಕ ಹಿಡ್ಕೊಂಡಿ? ಗಾಡಿ ಹಾರಿ ಹೋಗಂಗಿಲ್ಲ.”

“ನಾ ಜಾರಿ ಬಂದೀನು ಅಂತ.”

“ಬಂದ್ರ ಬಾ,” ಎಂದುಬಿಟ್ಟ ಪ್ರಬುದ್ಧ. ಅಂದ ಮೇಲೆ ಅವನಿಗೇ ಗಾಬರಿಯಾಗಿ ಹಾರ್ನ್ ಒತ್ತಿದ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಸುಲೇಪೇಟ ಇನ್ನೂ ಮುಂದಿತ್ತು. ಅಷ್ಟರಲ್ಲಿ ಗಾಡಿ ಎರಡು ಸಲ ಮುಗ್ಗರಿಸಿತು, ಬಿಕ್ಕಿತು, ನಿಂತಿತು.

ಅವನು ಇಳಿದು ಬಾನೆಟ್ ಎತ್ತಿದ. ಅವಳ ಬಾಗಿಲು ತೆಗೆಯುವುದನ್ನು ಮರೆತಿದ್ದ. ಅವಳು ಸೀಟಿನ ಮೇಲೆ ಸರಿದು ಅವನ ಕಡೆಯಿಂದಲೇ ಇಳಿದಳು. ಹಿಂದಿನ ಸೀಟಿನಿಂದ ಪಾನಾಗಳ ಚೀಲ ತಂದು, ಬೇಕಾದ್ದನ್ನು ಆರಿಸಿ, ಅವನು ಕೈ ಚಾಚುವ ಮೊದಲೇ ಕೊಟ್ಟಳು.

“ಪೆಟ್ರೋಲ್ ಬರವಲ್ದು. ಪಂಪಿನೊಳಗಿನ ರಬ್ಬರ್ ಹರದಾದ ಕಾಣಸ್ತದ,” ಎಂದ. ಅವನ ಮುಖ ಬಾಡಿತ್ತು. “ಇವತ್ತೇ ಆಗಬೇಕಿತ್ತೇನು ಇದು?”

“ಇರಲಿ ಬಿಡ್ರಿ. ನಿಂತಲ್ಲೇ ಛೊಲೊ ಅದ.”

“ನಿನಗ ಹೇಳೋದಿತ್ತು, ಲುಂಬಿನಿ.”

ಅವಳು ಚೀಲ ಕೆಳಗಿಟ್ಟಳು. “ಇಲ್ಲೇ ಹೇಳ್ರಿ.”

ಅವನು ತನ್ನ ಕಪ್ಪಾದ ಕೈ ನೋಡಿಕೊಂಡ, ರಸ್ತೆ ನೋಡಿದ, ದೂಳು ಹಿಡಿದ ಜಾಲಿ ಗಿಡ ನೋಡಿದ. “ಇಲ್ಲೇನು? ಕೈಯೆಲ್ಲ ಎಣ್ಣಿ. ಡ್ಯಾಮಿಗಿ ಹೋಗಮು. ಅಲ್ಲಿ ಹೇಳ್ತೀನಿ.”

ಅವಳು ತಲೆ ಆಡಿಸಿದಳು. ತನ್ನ ಮಾತನ್ನು ಅವಳೂ ನುಂಗಿಕೊಂಡಳು.

ರಸ್ತೆಯ ಮಗ್ಗುಲಲ್ಲೇ ತಗಡಿನ ಶೆಡ್ಡು, ಅದರ ಹಿಂದೆ ಒಂದು ಮನೆ. ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ಕೈ ಬೀಸಿ ಕರೆದಳು. “ಬಿಸಲಾಗ ಯಾಕ ನಿಂತೀರಿ? ಬರ್ರಿ, ಒಳಗ ಬರ್ರಿ. ನಮ್ಮ ಮನಿಯವ್ರು ಗಾಡಿ ರಿಪೇರಿ ಮಾಡ್ತಾರ. ಸೇಡಂಕ ಹೋಗ್ಯಾರ, ಫೋನ್ ಹಚ್ತೀನಿ.”

ಆಕೆಯ ಹೆಸರು ತಾಜುನ್ನಿಸಾ. ಗಂಡ ಅಬ್ದುಲ್ ಗನಿ ಟ್ರ್ಯಾಕ್ಟರ್, ಮೋಟಾರು ರಿಪೇರಿಯವನು. ಫೋನಿನಲ್ಲಿ ಪ್ರಬುದ್ಧ ಬೇಕಾದ್ದು ಹೇಳಿದ. ಹಳೇ ಗಾಡಿ ಸಾಮಾನಿನ ಅಂಗಡಿಯಲ್ಲಿ ನೋಡಿ ತರುತ್ತೇನೆ, ಅಲ್ಲಿಯವರೆಗೆ ಉಂಡುಕೊಂಡಿರಿ ಎಂದ ಗನಿ. ತಾಜುನ್ನಿಸಾ ಅಂಗಳದಲ್ಲಿ ಕೂರಲು ಹೊರಸು ಹಾಕಿದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಲುಂಬಿನಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಮದ್ವಿ ಆಗಿ ಭಾಳ ವರ್ಷ ಆಗಿಲ್ಲ ಅನಸ್ತದ, ಬೇಟಿ.”

ಪ್ರಬುದ್ಧ ಕೈ ತೊಳೆಯಲು ಬಗ್ಗಿದ್ದವನು ಹಾಗೆಯೇ ನಿಂತ. ತಂಬಿಗೆಯ ನೀರು ಅವನ ಕಾಲ ಮೇಲೆ ಸುರಿಯಿತು. ಅವನು ಲುಂಬಿನಿಯನ್ನು ನೋಡಿದ. ಇಲ್ಲ ಎಂದು ಹೇಳುವ ಕೆಲಸ ಅವಳಿಗೇ ಬಿಟ್ಟಿದ್ದ.

“ಇನ್ನಾ ಹೊಸದು,” ಎಂದಳು ಲುಂಬಿನಿ.

ಯಾಕೆ ಹಾಗೆಂದಳೋ. ಒಂದು ಊಟದ ಹೊತ್ತು. ಅಷ್ಟಾದರೂ ತನ್ನದಾಗಲಿ ಎನಿಸಿತು. ಆ ಸುಳ್ಳಿನಿಂದ ಕೆಡುವುದು ಏನೂ ಉಳಿದಿಲ್ಲ ಎಂದೂ ಎನಿಸಿತು.

“ನೋಡಿದೇನು, ನನಗ ಗೊತ್ತಾತು!” ತಾಜುನ್ನಿಸಾ ಹಿಗ್ಗಿದಳು. “ಹಳೇ ಗಂಡ ಹೆಂಡತಿ ಆಗಿದ್ರ ಗಾಡಿ ನಿಂತಾಗ ಜಗಳಾಡ್ತಿದ್ರಿ. ನಾವು ಬಸ್ ತಪ್ಪಿದ್ರನೂ ಒಬ್ಬರಿಗೊಬ್ಬರು ಬೈಕೋತ ಕುಂದ್ರತೀವಿ.”

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದೇ ದೊಡ್ಡ ತಾಟಿನಲ್ಲಿ ಇಬ್ಬರಿಗೂ ಬಡಿಸಿಟ್ಟಳು. ಪ್ರಬುದ್ಧ ಎಷ್ಟು ತಿಕ್ಕಿದರೂ ಕೈಯ ಕಪ್ಪು ಹೋಗಿರಲಿಲ್ಲ, ಪೆಟ್ರೋಲಿನ ವಾಸನೆಯೂ ಹೋಗಿರಲಿಲ್ಲ. ರೊಟ್ಟಿ ಮುಟ್ಟಲು ಹಿಂಜರಿದ.

“ಆ ಕೈಲೆ ಉಣಬ್ಯಾಡ್ರಿ. ನೀನೇ ತಿನಸವ್ವಾ, ಯಾರು ನೋಡ್ತಾರ ಇಲ್ಲಿ? ನಾ ಒಳಗ ಹೋಗ್ತೀನಿ,” ಎಂದು ತಾಜುನ್ನಿಸಾ ನಗುತ್ತ ಎದ್ದು ಹೋದಳು.

ಲುಂಬಿನಿ ರೊಟ್ಟಿ ಮುರಿದಳು. ಪಲ್ಯ ಹಚ್ಚಿದಳು. ಕೈ ಎತ್ತಿ ಅರ್ಧಕ್ಕೇ ನಿಲ್ಲಿಸಿದಳು. ದಿನಕ್ಕೆ ಎಷ್ಟು ಜನರ ನಾಡಿ ಹಿಡಿಯುವ, ಎಷ್ಟು ಬಾಯಿಗೆ ಗುಳಿಗೆ ಹಾಕುವ ಕೈ. ಅವನು ಬಗ್ಗಿ ತುತ್ತು ತೆಗೆದುಕೊಂಡ. ಅವನ ತುಟಿ ಅವಳ ಬೆರಳ ತುದಿಗೆ ತಾಗಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆಯ ಮೇಲೆ ಸಿಮೆಂಟಿನ ಬಣ್ಣದ ಸಣ್ಣ ದೂಳು ಕೂತಿತ್ತು. ಇಷ್ಟು ಹತ್ತಿರದಿಂದ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು.

“ಖಾರ ಆತೇನ್ರಿ? ಕಣ್ಣಾಗ ನೀರು ಬಂದಾವ,” ಎಂದಳು.

“ಹೂಂ. ಖಾರ.”

ಪುಂಡಿಪಲ್ಯದಲ್ಲಿ ಖಾರವೇ ಇರಲಿಲ್ಲ. ಅವಳು ಇನ್ನೊಂದು ತುತ್ತು ಮಾಡಿದಳು.

ಊಟ ಮುಗಿಯುವ ಹೊತ್ತಿಗೆ ಗನಿಯ ಮೋಟಾರ್ ಸೈಕಲ್ ಬಂತು. ಬಿಳಿ ಗಡ್ಡ, ತಲೆಗೆ ಟವೆಲ್, ದೊಡ್ಡ ದನಿ. ಸಾಮಾನು ಸಿಕ್ಕಿತ್ತು. ರಸ್ತೆಯಲ್ಲಿ ನಿಂತ ಗಾಡಿಯನ್ನು ನೋಡಿಯೇ ಬಂದಿದ್ದ. ಹೊರಸಿನ ಮೇಲಿದ್ದ ಪ್ರಬುದ್ಧನನ್ನು ಕಂಡವನೇ ನಿಂತುಬಿಟ್ಟ.

“ಅರೆ, ನೀವೇ ಏನ್ರಿ! ಆ ನೀಲಿ ಗಾಡಿ ನೋಡಿದ ಕೂಡಲೇ ನನಗ ಗುರ್ತು ಹತ್ತಿತ್ತು. ಆಚಿ ವರ್ಷ ದೀಪಾವಳಿ ಆದ ಮ್ಯಾಲ ಬಂದಿದ್ರಲ್ಲ? ಡ್ಯಾಮಿಗಿ ಹೋಗಿ ವಾಪಸ್ ಹೊಂಟಿದ್ರಿ. ನಾನೇ ಪ್ಲಗ್ ಸ್ವಚ್ಛ ಮಾಡಿ ಕೊಟ್ಟಿದ್ದೆ. ಆವಾಗ ಒಬ್ರೇ ಇದ್ರಿ. ಮುಂದಿನ ಸಲ ಜೋಡಿ ಕರ್ಕೊಂಡು ಬರ್ತೀನಿ ಅಂದಿದ್ರಿ. ತಂದೀರಿ ನೋಡ್ರಿ, ಮಾಷಾ ಅಲ್ಲಾ!”

ಪ್ರಬುದ್ಧ ತಲೆ ತಗ್ಗಿಸಿದ. ಗನಿ ಇಬ್ಬರ ಮುಖ ನೋಡಿದ, ಏನೋ ತಪ್ಪಿತೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಸಾಮಾನು ತೆಗೆದುಕೊಂಡು ಗಾಡಿಯ ಕಡೆ ಹೋದ.

ಲುಂಬಿನಿ ಎದ್ದು ಕೈ ತೊಳೆದಳು. ಮನೆಯ ಹಿಂದೆ ತೊಗರಿಯ ಕಟ್ಟುಗಳನ್ನು ಒಟ್ಟಿದ್ದ ಕಡೆ ನಡೆದಳು. ಹಿಂದೆ ಅವನ ಹೆಜ್ಜೆ ಕೇಳಿಸಿತು.

“ಆಚಿ ವರ್ಷ,” ಎಂದಳು, ತಿರುಗದೆ. “ಆಚಿ ವರ್ಷ ದೀಪಾವಳಿಗೇ ಗಾಡಿ ಚಾಲೂ ಆಗಿತ್ತು.”

“ಆಗಿತ್ತು.”

“ನನಗ ಕಾರ್ಬುರೇಟರ್ ಹೈದರಾಬಾದಿಂದ ಬರಬೇಕು ಅಂತ ಹೇಳಿದಿ. ಗೇರ್ ಕುಂದ್ರವಲ್ದು ಅಂದಿ. ಎಲ್ಲಾ ಸುಳ್ಳು. ನೀ ನನಗ ಸುಳ್ಳು ಹೇಳಿದಿ, ಪ್ರಬುದ್ಧ.”

ಇಷ್ಟು ವರ್ಷದಲ್ಲಿ ಅವಳು ಅವನಿಗೆ ‘ರೀ’ ಎನ್ನದೆ ಮಾತಾಡಿರಲಿಲ್ಲ. ಇಬ್ಬರಿಗೂ ಅದು ಕೇಳಿಸಿತು.

“ಸುಳ್ಳು ಹೇಳೀನಿ,” ಎಂದ ಅವನು. “ರಾತ್ರಿ ಪಾಳಿ ಮುಗಿಸಿ ಬಂದು, ನೀ ಡ್ಯೂಟಿಗಿ ಹ್ವಾದ ಮ್ಯಾಲ ಗಾಡಿ ತೆಗದೆ. ಒಬ್ಬನೇ ಡ್ಯಾಮಿಗಿ ಹ್ವಾದೆ. ದಂಡಿಮ್ಯಾಲ ಕುಂತು, ನಿನಗ ಹೆಂಗ ಹೇಳಬೇಕಂತ ಅಂದು ನೋಡ್ಕೊಳ್ಳಾಕ. ನೀರಿಗಿ ಹೇಳೋದಿತ್ತು ನೋಡು, ಬರೇ ನೀರಿಗಿ. ಅದೂ ಬಾಯಿಗಿ ಬರಲಿಲ್ಲ.”

“ಯಾಕ?”

“ನೀ ಇಲ್ಲ ಅಂದ್ರ?”

“ಅಂದ್ರೇನು?”

“ರವಿವಾರ ಬರೋದು ಬಿಡ್ತಿದ್ದಿ.” ಅವನ ದನಿ ಸಣ್ಣದಾಯಿತು. “ನಾ ಗಾಡಿ ಕೆಳಗ ಮಲಗಿ ನಿನ್ನ ಚಪ್ಪಲಿ ಸಪ್ಪಳ ಕೇಳ್ತಿದ್ದೆ. ಬರ್ತಾಳ, ಕುಂದ್ರತಾಳ, ಮಾತಾಡ್ತಾಳ. ಗಾಡಿ ಮುಗೀತು ಅಂದ್ರ ನೀ ಯಾವ ನೆವಕ್ಕ ಬರ್ತಿ? ವಾಪಸ್ ಬಂದು ಮತ್ತ ಬಿಚ್ಚಿಟ್ಟೆ. ಒಂದು ವಾರ ಒಂದು ಸಾಮಾನ. ಮತ್ತೊಂದು ವಾರ ಮತ್ತೊಂದು.”

ಲುಂಬಿನಿ ತೊಗರಿಯ ಕಟ್ಟಿಗೆ ಒರಗಿದಳು. ಆಚೆ ವರ್ಷದ ದೀಪಾವಳಿ. ಆಗ ರಮೇಶಕುಮಾರ ಎಂಬ ಮನುಷ್ಯ ಇದ್ದಾನೆಂದೇ ಅವಳಿಗೆ ಗೊತ್ತಿರಲಿಲ್ಲ. ಆಗ ಮೈತ್ರಿಯ ಕೈ ಮುರಿದಿರಲಿಲ್ಲ. ಆ ದಿನ ಅವನು ಆಸ್ಪತ್ರೆಯ ಗೇಟಿಗೆ ಗಾಡಿ ತಂದು ನಿಲ್ಲಿಸಿದ್ದರೆ, ಅವಳು ಯೂನಿಫಾರ್ಮಿನಲ್ಲೇ ಹತ್ತಿ ಕೂತುಬಿಡುತ್ತಿದ್ದಳು.

“ನಾ ಹೂಂ ಅನ್ನಾಕನೇ ಬರ್ತಿದ್ದೆ,” ಎಂದಳು. “ಪ್ರತಿ ರವಿವಾರ ಅದಕ್ಕೇ ಬರ್ತಿದ್ದೆ. ನಿನಗ ಅಷ್ಟೂ ಗೊತ್ತಾಗಲಿಲ್ಲೇನು? ಬೋಲ್ಟು ನೋಡಾಕ ಯಾರರ ಹೆಣ್ಮಗಳು ಬರ್ತಾಳೇನು?”

ಅವನು ಮುಖ ಮುಚ್ಚಿಕೊಂಡ. ಬೆರಳುಗಳ ಕಪ್ಪು ಹಣೆಗೆ ಹತ್ತಿತು. ಆಮೇಲೆ ಕೈ ತೆಗೆದು, ಒಂದು ಹೆಜ್ಜೆ ಮುಂದೆ ಬಂದ. “ಈಗ ಕೇಳ್ತೀನಿ, ಲುಂಬಿನಿ. ಇಲ್ಲೇ ಕೇಳ್ತೀನಿ.”

“ಕೇಳಬ್ಯಾಡ.”

“ಯಾಕ?”

“ನಾ ಹೂಂ ಅಂದುಬಿಟ್ಟೀನಿ. ಬ್ಯಾರೆಯವರಿಗಿ.” ಅವಳು ಎಲ್ಲವನ್ನೂ ಹೇಳಿದಳು. ರಮೇಶಕುಮಾರನ ಹೆಸರು, ಅವನ ಊರು, ಮುರಿದ ಕೈಯ ಮಗು. ಹೇಳುವಾಗ ಅಳಲಿಲ್ಲ. ಪೇಶಂಟಿನ ಮನೆಯವರಿಗೆ ಹೇಳುವ ಹಾಗೆ, ನಿಧಾನವಾಗಿ, ಬಿಡಿಸಿ ಹೇಳಿದಳು. “ಇದನ್ನ ಹೇಳಾಕನೇ ಇವತ್ತು ಬಂದೀನಿ. ನಿನ್ನಂಗ ನಾನೂ ಡ್ಯಾಮ್ ಬರಲಿ ಅಂತ ಕುಂತಿದ್ದೆ.”

ಅವನು ಹೊಲದ ಕಡೆ ತಿರುಗಿದ. ಗಾಡಿಯ ಕಡೆಯಿಂದ ಗನಿ ಬಡಿಯುವ ಸದ್ದು ಬರುತ್ತಿತ್ತು.

“ಮನಷ್ಯ ಛೊಲೊ ಇದ್ದಾನೇನು?” ಕೇಳಿದ.

“ಛೊಲೊ ಇದ್ದಾರ.”

“ನಿನಗ ಮನಸದೇನು?”

ಅವಳು ಸುಳ್ಳು ಹೇಳಬಾರದೆಂದುಕೊಂಡಳು. “ನಿನ್ನ ಮ್ಯಾಲಿದ್ದಂಥಾದಲ್ಲ. ಆದ್ರ ಅವರ ಮುಂದ ನಾ ಕಾಯೋದು ಬೇಕಾಗಂಗಿಲ್ಲ, ಪ್ರಬುದ್ಧ. ಅನಿಸಿದ್ದನ್ನ ಅವತ್ತೇ ಹೇಳ್ತಾರ. ಕಾದು ಕಾದು ನನಗ ಸಾಕಾಗ್ಯಾದ.”

“ಬಿಟ್ಟು ಬಾ ಅಂದ್ರ?”

ಈ ಪ್ರಶ್ನೆಗೆ ಅವಳು ಹೆದರಿದ್ದಳು. ಬಿಟ್ಟು ಬರಬಹುದಿತ್ತು. ಹಿರಿಯರ ಮುಂದೆ ಆಡಿದ ಮಾತನ್ನು ಜನ ಮುರಿಯುವುದಿಲ್ಲವೇ? ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ರಮೇಶಕುಮಾರನ ನಂಬರು. ಎತ್ತಿದರೆ ಮಗುವಿನ ದನಿ, ಪ್ರಬುದ್ಧನಿಗೂ ಕೇಳುವಷ್ಟು ಜೋರು.

“ಆಂಟಿ! ನನ್ನ ಹಲ್ಲು ಬಿತ್ತು! ಪಪ್ಪಾ ಮಾಳಿಗಿ ಮ್ಯಾಲ ಒಗೀ ಅಂತಾರ. ನಾ ಒಗದಿಲ್ಲ. ನೀವು ಬಂದ ಮ್ಯಾಲ ಒಗೀತೀನಿ. ಯಾವಾಗ ಬರ್ತೀರಿ? ಇವತ್ತು ಬರ್ತೀರೇನು?”

ಲುಂಬಿನಿ ಹೂಂ ಎನ್ನಲಾರದೆ, ಉಹೂಂ ಎನ್ನಲಾರದೆ ನಿಂತಳು. ಆ ಕಡೆ ಮಗು “ಆಂಟಿ? ಆಂಟಿ?” ಎನ್ನುತ್ತಿತ್ತು.

ಪ್ರಬುದ್ಧ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಒಂದು ಮೆಲ್ಲಗೆ ಕೆಳಗಿಳಿಯಿತು. “ಬರ್ತೀನಿ ಅನ್ನು,” ಎಂದ.

“ಬರ್ತೀನಿ, ಮೈತ್ರಿ,” ಎಂದಳು ಅವಳು. “ಇವತ್ತೇ ಬರ್ತೀನಿ.”

ಗಾಡಿ ರಿಪೇರಿಯಾಗಿತ್ತು. ಹೊರಡುವಾಗ ತಾಜುನ್ನಿಸಾ ಲುಂಬಿನಿಯ ಮಡಿಲಿಗೆ ಹಸಿ ಕಡಲೆಯ ಗಿಡಗಳ ಕಟ್ಟು ಹಾಕಿದಳು. “ಮುಂದಿನ ಸಲ ಬರೋ ಟೈಮಿಗಿ ಮೂರು ಮಂದಿ ಆಗಿ ಬರ್ರಿ,” ಎಂದು ಕೆನ್ನೆ ಸವರಿದಳು. ಲುಂಬಿನಿ ಆ ಮುದುಕಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಸುಲೇಪೇಟದ ಹತ್ತಿರ ಪ್ರಬುದ್ಧ ಚಿಂಚೋಳಿಯ ರಸ್ತೆ ಬಿಟ್ಟು ಕಾಳಗಿಯ ಒಳರಸ್ತೆಗೆ ತಿರುಗಿಸಿದ. ಅವಳು ಹಸಿ ಕಡಲೆ ಸುಲಿದು ಕೊಟ್ಟಳು, ಅವನು ರಸ್ತೆ ನೋಡುತ್ತಲೇ ತಿಂದ. ಒಂದು ತಿರುವಿನಲ್ಲಿ ಅವಳು ಸೀಟಿನ ಅಂಚು ಹಿಡಿಯಲಿಲ್ಲ. ಭುಜಕ್ಕೆ ಭುಜ ತಾಗಿತು. ತಿರುವು ಮುಗಿದ ಮೇಲೂ ಸ್ವಲ್ಪ ದೂರ ಹಾಗೆಯೇ ಇತ್ತು.

“ನಾನೂ ಕೇಳಬಹುದಿತ್ತು,” ಎಂದಳು. “ಒಂದಿನ ನಿನ್ನ ಕಾಲು ಹಿಡಿದು ಹೊರಗ ಎಳೆದು, ಏನಪಾ ನಿನ್ನ ವಿಚಾರ ಅಂತ ಕೇಳಬಹುದಿತ್ತು. ಹೆಣ್ಮಗಳು ನಾನ್ಯಾಕ ಕೇಳಲಿ ಅಂತ ಕುಂತೆ.”

“ಎಳೀಬೇಕಿತ್ತು ನೀ,” ಎಂದ ಅವನು. ನಗಲು ನೋಡಿದ. “ಜೋರ್ ಎಳೀಬೇಕಿತ್ತು.”

ಕಾಳಗಿಯ ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಂತಿತು. ರಮೇಶಕುಮಾರನ ಮನೆ ಅಲ್ಲಿಂದ ನಡೆದರೆ ಹತ್ತಿರವೇ. ಮನೆಯವರೆಗೂ ಬಿಡಲೇ ಎಂದು ಅವನು ಕೇಳಲಿಲ್ಲ, ಬಿಡು ಎಂದು ಅವಳೂ ಅನ್ನಲಿಲ್ಲ. ಸಂಜೆಯ ಗದ್ದಲ. ಚಿತ್ತಾಪುರದ ಬಸ್ಸು ಹಾರ್ನ್ ಹಾಕುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ, ಮೆಣಸಿನಕಾಯಿ ಭಜಿ ಕರಿಯುವವನ ಸ್ಟೋವು ಭುಸುಗುಡುತ್ತಿತ್ತು. ಪ್ರಬುದ್ಧ ಎಂಜಿನ್ ಬಂದ್ ಮಾಡಿದ. ಸುತ್ತಿ ಬಂದು ಬಾಗಿಲು ತೆಗೆದ. ಅವಳು ಇಳಿದಳು. ಅವನು ಬಾಗಿಲು ಹಾಕದೆ ಅದನ್ನೇ ಹಿಡಿದು ನಿಂತ.

“ಲುಂಬಿನಿ, ನಿನ್ನ ಮ್ಯಾಲ ನನಗ ಭಾಳ ಪ್ರೀತಿ ಅದ,” ಎಂದ. “ಅಪ್ಪಗ ಇಂಜೆಕ್ಷನ್ ಕೊಡಾಕ ಬಂದ ಮೊದಲನೇ ದಿನದಿಂದ ಅದ. ನೀ ಏನೂ ಅನ್ನಬ್ಯಾಡ. ಕೇಳಿದ್ರ ಸಾಕು.”

ಪಕ್ಕದಲ್ಲಿ ಹಾದುಹೋದ ಹೆಂಗಸೊಬ್ಬಳು ತಿರುಗಿ ನೋಡಿದಳು. ಭಜಿಯವನು ಜಾಲರಿ ಸೌಟು ಕೊಡವಿದ. ಇಷ್ಟೇ ಇತ್ತು ಆ ಮಾತು. ಅರ್ಧ ನಿಮಿಷದ್ದೂ ಅಲ್ಲ. ಇದಕ್ಕಾಗಿ ಅವಳು ತನ್ನ ಯೌವನವನ್ನೆಲ್ಲ ಒಂದು ಕಟ್ಟೆಯ ಮೇಲೆ ಕೂತು ಕಳೆದಿದ್ದಳು. ಹೇಳಿದ್ದು ಎಷ್ಟು ಚೆಂದವಿತ್ತೆಂದರೆ ಅವಳಿಗೆ ಸಿಟ್ಟೂ ಬರಲಿಲ್ಲ.

“ಕೇಳಿದೆ,” ಎಂದಳು. ಕೈ ಎತ್ತಿ, ಅವನ ಹಣೆಗೆ ಹತ್ತಿದ್ದ ಎಣ್ಣೆಯ ಕಪ್ಪನ್ನು ಸೆರಗಿನಿಂದ ಒರೆಸಿದಳು. ಪೂರಾ ಹೋಗಲಿಲ್ಲ. “ಹೋಗು ಈಗ. ಬೆಳಕಿರೋವಾಗ ಮನಿ ಮುಟ್ಟು. ಅನಸುಬಾಯಿ ಅತ್ತಿ ಕಾಯ್ತಿರ್ತಾರ.”

ಅವನು ಹೋಗಿ ಕೂತ. ಚಾವಿ ತಿರುಗಿಸಿದ. ಗಾಡಿ ಕೆಮ್ಮಿತು, ಚಾಲೂ ಆಗಲಿಲ್ಲ. ಮತ್ತೆ ತಿರುಗಿಸಿದ. ಆ ಬಾರಿ ಕೆಮ್ಮೂ ಇಲ್ಲ. ಕಿಟಕಿಯಿಂದ ಅವಳನ್ನು ನೋಡಿದ. ಆ ನೋಟದಲ್ಲಿ ನಾಚಿಕೆಯಿತ್ತು. ಅದರ ಕೆಳಗೆ ಸಣ್ಣದೊಂದು ಆಸೆಯೂ ಇತ್ತು. ಅವಳಿಗೂ ಅದೇ ಆಸೆ ಒಂದು ಗಳಿಗೆ ಎದೆಯಲ್ಲಿ ಎದ್ದು ಕೂತಿತು. ಈ ಗಾಡಿ ಇಲ್ಲಿಂದ ಕದಲದೇ ಹೋದರೆ?

ಲುಂಬಿನಿ ಚೀಲವನ್ನು ಭಜಿ ಅಂಗಡಿಯ ಕಟ್ಟೆಯ ಮೇಲಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿಯ ಹಿಂದೆ ಹೋಗಿ ಡಿಕ್ಕಿಗೆ ಎರಡೂ ಕೈ ಇಟ್ಟಳು. ಅದನ್ನು ನೋಡಿ ಬಸ್ಸಿಗೆ ಕಾಯುತ್ತಿದ್ದ ಒಂದಿಬ್ಬರು ಬಂದರು, ಭಜಿಯವನೂ ಬಂದ. “ಹಾಕ್ರಿ ಜೋರ್!” ಎಂದರು ಯಾರೋ. ಅವಳು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದಳು. ಕಣ್ಣೀರು ಮೂಗಿನ ತುದಿಗೆ ಇಳಿದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಚಕ್ರ ಉರುಳಿತು. ಉರುಳುತ್ತ ವೇಗ ಹಿಡಿಯಿತು. ಒಮ್ಮೆಲೇ ಎಂಜಿನ್ ಗುಡುಗಿ ಗಾಡಿ ಅವಳ ಅಂಗೈ ಬಿಟ್ಟು ಮುಂದೆ ಓಡಿತು.

ಅವನು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಆರುತ್ತಿತ್ತು. ಕಿಟಕಿಯಿಂದ ಒಂದು ಕೈ ಹೊರಬಂತು. ಬೀಸಲಿಲ್ಲ. ಗಾಳಿಯಲ್ಲಿ ಹಾಗೆಯೇ ಚಾಚಿಕೊಂಡಿತ್ತು. ತಿರುವಿನಲ್ಲಿ ಬಸ್ಸೊಂದು ಅಡ್ಡ ಬರುವವರೆಗೆ ಅದು ಕಾಣುತ್ತಿತ್ತು.